ಹಲ್ಲಿನ ಡಾಕ್ಟರರ ಗಾಳದ ಕೋಲು

ನಮ್ಮ ಪುಟ್ಟಿ ಈ ಕ್ಷಣ ಏನನ್ನು ಬಾಯಿಗೆ ಹಾಕಿಕೊಂಡಿರಬಹುದು? ಈ ಒಂದು ಚಿಂತೆ ನನ್ನನ್ನು ಸ್ನಾನದ ಮನೆಯಲ್ಲೂ ಬಿಡುವುದಿಲ್ಲ. ಅವಳಿಗೀಗ ಹಲ್ಲು ಬರುವ ಕಾಲ. ಚಪ್ಪಲಿಯ ಪಟ್ಟಿ, ಟಿವಿ ರಿಮೋಟು, ಎತ್ತಿಕೊಳ್ಳಲು ಬಂದ ನೆಂಟರ ಮೊಣಕೈ, ಯಾವುದರಲ್ಲೂ ಅವಳಿಗೆ ಭೇದಭಾವವಿಲ್ಲ. ಮನೆಯಲ್ಲೇ ಒಬ್ಬ ಹಲ್ಲಿನ ಡಾಕ್ಟರಿದ್ದಾರೆ (ನನ್ನನ್ನು ಕಟ್ಟಿಕೊಂಡವರು). ಅವರನ್ನು ಕೇಳಿದರೆ, "ಕಚ್ಲಿ ಬಿಡೇ, ಒಸಡಿಗೆ ಒಳ್ಳೇದು" ಎನ್ನುತ್ತಾರೆ. ಇಷ್ಟು ಹೇಳುವುದಕ್ಕೆ ಅಷ್ಟೊಂದು ಓದಬೇಕಿತ್ತೇ?

ಇಂಥ ಮನೆಗೆ ಆ ಮಹಾನುಭಾವರು ಗಾಳ ತರುತ್ತೇನೆಂದರು. ಗಾಳ! ಕೊಕ್ಕೆಯಿರುವ ಗಾಳ!

ವಾರವಿಡೀ ಜನರ ಬಾಯಿ ತೆರೆಸಿದ್ದು ಸಾಲದೆಂದು ಭಾನುವಾರ ಮೀನಿನ ಬಾಯಿಗೂ ಕೈ ಹಾಕುವ ಹಂಬಲ. ಅದೂ ಎರೆಹುಳು ಸಿಕ್ಕಿಸಿ ದಡದಲ್ಲಿ ಸುಮ್ಮನೆ ಕೂರುವ ಮರ್ಯಾದಸ್ಥರ ಕೆಲಸವಲ್ಲ, ಫ್ಲೈ ಫಿಶಿಂಗ್ ಅಂತೆ. ಗರಿ, ದಾರ ಸುತ್ತಿ ಮಾಡಿದ ಸುಳ್ಳು ಹುಳುವನ್ನು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಬೀಸಿ, ಅಷ್ಟು ದೊಡ್ಡ ಸಮುದ್ರಕ್ಕೇ ಟೋಪಿ ಹಾಕುವುದು. ಅದಕ್ಕೊಂದು ವಿಶೇಷ ಕೋಲು. ಮೊಬೈಲಿನಲ್ಲಿ ಅದರ ಬೆಲೆ ನೋಡಿ ನನ್ನ ಕೈಯಲ್ಲಿದ್ದ ಹಾಲಿನ ಬಾಟಲಿ ಜಾರಿತು.

"ಒಂದು ಕೋಲಿಗೆ ಇಷ್ಟಾ? ಇದೇನು ರಾಜದಂಡನಾ?"

"ಉಪ್ಪುನೀರು ಕಣೇ. ಅಗ್ಗದ್ದು ತಗೊಂಡ್ರೆ ಉಪ್ಪು ತಿಂದ್ಹಾಕತ್ತೆ."

"ದುಬಾರಿದು ತಗೊಂಡ್ರೆ ಪುಟ್ಟಿಯ ಡೇ-ಕೇರ್ ದುಡ್ಡನ್ನ ನೀವು ತಿಂದ್ಹಾಕ್ತೀರಿ!"

ಇದು ಉತ್ಪ್ರೇಕ್ಷೆಯಲ್ಲ. ನಾನೊಂದು ಅಂಟು ತಯಾರಿಸುವ ಕಾರ್ಖಾನೆಯ ಪ್ರಯೋಗಾಲಯದವಳು, ಹೆರಿಗೆ ರಜೆಯಲ್ಲಿರುವವಳು. ಮುಂದಿನ ತಿಂಗಳು ಪುಟ್ಟಿಯನ್ನು ಡೇ-ಕೇರಿಗೆ ಸೇರಿಸಿದರೆ ಮಾತ್ರ ನಾನು ಮರಳಿ ಕೆಲಸಕ್ಕೆ. ಆ ದುಡ್ಡು ಕೋಲಾಗಿಬಿಟ್ಟರೆ ನಾನು ಮನೆಯಲ್ಲೇ, ದಿನವಿಡೀ ಇವಳ ಬಾಯಿಗೆ ಬೆರಳು ಹಾಕುತ್ತಾ.

ಬೇಡವೆಂದರೆ ಕದ್ದುಮುಚ್ಚಿ ಕೊಂಡು ತರುವ ಪೈಕಿ ಇವರು. ಆದ್ದರಿಂದ ಕೋಲನ್ನು ನಾನೇ ಆರಿಸುತ್ತೇನೆಂದು ಪುಟ್ಟಿಯನ್ನು ಸೊಂಟಕ್ಕೇರಿಸಿ ಅಂಗಡಿಗೆ ದಂಡಯಾತ್ರೆ ಹೊರಟೆ. ಅಂಗಡಿಯಾಕೆ ನಮ್ಮವರ ಮುಖದಲ್ಲಿದ್ದ ಆಸೆಯನ್ನು ದೂರದಿಂದಲೇ ಅಳೆದು, ನೇರ ಆ ದುಬಾರಿ ಕೋಲನ್ನೇ ತೆಗೆದಿಟ್ಟಳು.

"ಎಷ್ಟು ಹಗುರ ನೋಡಿ ಸರ್. ಕೈಲಿದೆ ಅಂತಾನೇ ಗೊತ್ತಾಗಲ್ಲ."

"ದುಡ್ಡು ಕೈಲಿಲ್ಲ ಅಂತ ಗೊತ್ತಾಗತ್ತಲ್ಲ!" ಎಂದೆ.

ತೀರಾ ಅಗ್ಗದ್ದನ್ನು ನಾನೇ ತಳ್ಳಿದೆ. ದಾರ ಹಾಯುವ ಉಂಗುರಗಳು ಬರೀ ಕಬ್ಬಿಣ, ಮೊದಲ ವಾರವೇ ತುಕ್ಕು. ನಡುವಿನ ಬೆಲೆಯದು ತುಕ್ಕು ಹಿಡಿಯದ ಉಂಗುರದ್ದು, ದೊಡ್ಡ ಮೀನಿಗೆ ತಾಳುವಷ್ಟು ಗಟ್ಟಿ, ನಾಲ್ಕು ತುಂಡಾಗಿ ಬಿಚ್ಚಿ ಚೀಲಕ್ಕೆ ಹಾಕಬಹುದು. ಕಾರ್ಕಿನ ಹಿಡಿಯನ್ನು ಮೂಸಿದೆ, ಕೀಲುಗಳನ್ನು ಉಗುರಿನಿಂದ ಕೆರೆದೆ.

"ಇದಕ್ಕೂ ಆ ದುಬಾರಿದಕ್ಕೂ ಒಂದೇ ಜಾತಿಯ ಅಂಟು ಹಾಕಿದಾರೆ. ಹೆಚ್ಚಿನ ದುಡ್ಡೆಲ್ಲ ಹೆಸರಿಗೆ. ಅಂಟಿನ ವಿಷಯ ನನಗೆ ಹೇಳ್ಕೊಡಬೇಡಿ."

ಅಂಗಡಿಯಾಕೆಯ ಮುಖ ಸಣ್ಣಗಾಯಿತು. ನಮ್ಮವರದು ಅದಕ್ಕಿಂತ ಸಣ್ಣಗೆ.

"ವರ್ಷದೊಳಗೆ ಹಾಳಾದ್ರೆ?" ಎಂದರು.

"ಆದ್ರೆ ಆ ರಾಜದಂಡಾನೇ ತಗೊಳ್ಳಿ. ನಾನು ತುಟಿ ಪಿಟಕ್ಕನ್ನಲ್ಲ."

"ಕೇಳಿಸ್ಕೊಂಡ್ರಾ?" ಎಂದು ಅಂಗಡಿಯಾಕೆಯನ್ನು ಸಾಕ್ಷಿ ಮಾಡಿದರು, ಕಟ್ಟಿಕೊಂಡ ಹೆಂಡತಿಯ ಮೇಲೆ ಅಷ್ಟೂ ನಂಬಿಕೆಯಿಲ್ಲದವರಂತೆ!

ಹೀಗೆ ಮನೆಗೆ ಬಂದ ನಡುವಿನ ಬೆಲೆಯ ಕೋಲಿನ ಮೊದಲ ಭಾನುವಾರದ ಬೇಟೆಯ ಫಲ: ಸುಟ್ಟ ಮೂಗು ಒಂದು. ಮೀನು ಸಿಕ್ಕಿ ಕೈಯಿಂದ ಜಾರಿತಂತೆ. ಕೋಲನ್ನು ಬಿಚ್ಚಿ ಸೋಫಾದ ಮೇಲೆ ಹರಡಿ, ಉಂಡು, ಮಲಗುವ ಕೋಣೆಯತ್ತ ಹೊರಟರು. ನಾನು ಬಟ್ಟೆ ಒಣಹಾಕಿ ಬಂದು ನೋಡುತ್ತೇನೆ, ಪುಟ್ಟಿ ಸೋಫಾ ಹಿಡಿದು ನಿಂತು ಕಾರ್ಕಿನ ಹಿಡಿಯನ್ನು ಪರಮ ಭಕ್ತಿಯಿಂದ ಅಗಿಯುತ್ತಿದ್ದಾಳೆ!

"ರೀ! ಇದನ್ನ ತೊಳೆದ್ರಾ?"

"ಆಗ್ಲೇ ನಲ್ಲಿ ಕೆಳಗೆ ಹಿಡಿದೆ ಕಣೇ. ಉಪ್ಪು ಹೋದ್ರೆ ಸಾಕು."

"ಮೀನಿನ ಲೋಳೆ? ಕ್ಲಿನಿಕ್ಕಲ್ಲಿ ಒಬ್ಬರ ಬಾಯಿಗಿಟ್ಟ ಕನ್ನಡೀನ ನಲ್ಲಿ ಕೆಳಗೆ ಹಿಡಿದು ಇನ್ನೊಬ್ಬರ ಬಾಯಿಗೆ ಇಡ್ತೀರಾ?"

"ಅದನ್ನ ಹಬೇಲಿ ಬೇಯಿಸ್ತೀವಿ. ಅದು ಸ್ಟೀಲು, ಇದು..." ಎನ್ನುತ್ತಲೇ ಕೋಣೆಯ ಬಾಗಿಲಲ್ಲೇ ಆಕಳಿಸಿ ಮತ್ತೆ ಒಳಗೆ ಹೋದರು. ವಾಕ್ಯ ಮುಗಿಸುವಷ್ಟೂ ಸೌಜನ್ಯವಿಲ್ಲ. ಹೆಂಡತಿ ಕೂಗಾಡುವಾಗ ಗೊರಕೆ ಹೊಡೆಯುವ ಗಂಡಂದಿರಿಗೆ ಕಾನೂನಿನಲ್ಲಿ ಏನೂ ಶಿಕ್ಷೆಯಿಲ್ಲವೇ?

ಊರಿನವರ ಬಾಯಿಗೆ ಬೇಯಿಸಿದ್ದು, ಸ್ವಂತ ಮಗಳ ಬಾಯಿಗೆ ನಲ್ಲಿಯದ್ದು! ಪುಟ್ಟಿಯ ಬಾಯಿ ಒರೆಸಿ, ಅವಳನ್ನು ಅಪ್ಪನ ಪಕ್ಕದ ತೊಟ್ಟಿಲಿಗೆ ಹಾಕಿದೆ. ಮನೆಯ ಅತಿ ಎತ್ತರದ ಪಾತ್ರೆಯನ್ನು ಒಲೆಗೇರಿಸಿದೆ. ಹಾಲಿನ ಬಾಟಲಿಗಳನ್ನು ಕುದಿಸುವ ಹಾಗೆಯೇ ಹಿಡಿಯಿರುವ ತುಂಡನ್ನು ನೀರಿಗಿಳಿಸಿ, ಹೊರಗುಳಿದ ತುದಿಗೆ ಮುಚ್ಚಳವನ್ನು ಓರೆಯಾಗಿ ಒರಗಿಸಿದೆ. ಮೊದಲು ಕುದಿಯುವುದು ಯಾರೆಂದು ನನಗೂ ನೀರಿಗೂ ಪೈಪೋಟಿ ನಡೆಯಿತು. ನಾನೇ ಗೆದ್ದೆ.

ಸ್ವಲ್ಪ ಹೊತ್ತಿಗೆ ಪಾತ್ರೆಯಲ್ಲಿ ಠಣ್ ಎಂದಿತು. ಇಣುಕಿದೆ. ಗಾಳದ ದಾರ ಸುತ್ತುವ ಚಕ್ರವನ್ನು ಕೂರಿಸುವ ಲೋಹದ ಕೊಳವೆ ತಳ ಸೇರಿತ್ತು. ಹಿಡಿಯ ಕಾರ್ಕು ಬಿಲ್ಲೆ ಬಿಲ್ಲೆಯಾಗಿ ಬಿಟ್ಟು, ಬಿಸ್ಕತ್ತಿನಂತೆ ತೇಲುತ್ತಿತ್ತು. ಇಕ್ಕಳದಲ್ಲಿ ಎತ್ತಿದರೆ ಕೈಗೆ ಬಂದದ್ದು ಬೋಳು ಕಡ್ಡಿ.

ಇಲ್ಲಿ ಒಂದು ಮಾತು ಹೇಳಬೇಕು (ಹೇಳದಿದ್ದರೆ ಅವರೇ ಊರಿಗೆಲ್ಲ ಹೇಳುತ್ತಾರೆ). ಯಾವ ಅಂಟು ಎಷ್ಟು ಬಿಸಿಗೆ ಕೈಬಿಡುತ್ತದೆ ಎಂದು ಪರೀಕ್ಷಿಸುವುದೇ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಅದಕ್ಕೇ ಸಂಬಳ.

ಅಂಟಿನ ಮೇಲೆ ಸಿಟ್ಟು ಬಂತು. ಕಾರ್ಕಿನ ಮೇಲೆ, ಪುಟ್ಟಿಯ ಇನ್ನೂ ಹುಟ್ಟದ ಹಲ್ಲಿನ ಮೇಲೆ, ಕೊನೆಗೆ ವಾಕ್ಯ ಮುಗಿಸದ ಆ ಮನುಷ್ಯನ ಮೇಲೆ. "ಇದು ಅಂಟು" ಎಂದು ಎರಡೇ ಪದ ಸೇರಿಸಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಅವರು ಎದ್ದರೆ ರಾಜದಂಡ ಮನೆಗೆ, ಡೇ-ಕೇರ್ ನೀರಿಗೆ. ಫೋನು ಹಿಡಿದೆ, ಇಟ್ಟೆ, ಮತ್ತೆ ಹಿಡಿದೆ. ಒಳಗೆ ಗೊರಕೆ ನಿಂತಿತು. ಅಂಗಡಿಯಾಕೆಗೆ ಫೋನು ಮಾಡಿಯೇಬಿಟ್ಟೆ.

"ಹಿಡಿ ಬಿಟ್ಕೊಂಡ್ತಾ? ಗಾಬರಿ ಆಗ್ಬೇಡಿ ಮೇಡಂ. ವರ್ಷದೊಳಗೆ ನೀರಲ್ಲಿ ಅಂಟು ಬಿಟ್ರೆ ಕಂಪನಿಯವ್ರು ಹೊಸದೇ ಕೊಡ್ತಾರೆ. ನೀರಲ್ಲೇ ತಾನೇ ಬಿಟ್ಟಿದ್ದು?"

"ನೀರಲ್ಲೇ," ಎಂದೆ. ಆಣೆ ಮಾಡಿ ಹೇಳಬಲ್ಲೆ, ಅದರಲ್ಲಿ ಒಂದಿಷ್ಟೂ ಸುಳ್ಳಿಲ್ಲ.

"ಬರ್ಕೊಳ್ತೀನಿ ಇರಿ. ಸಿಹಿನೀರಾ, ಉಪ್ಪುನೀರಾ?"

ಬೆನ್ನ ಹಿಂದೆ ಯಾರೋ ಪಾತ್ರೆಯ ಮುಚ್ಚಳವನ್ನು ಪಕ್ಕಕ್ಕಿಟ್ಟ ಸದ್ದಾಯಿತು. ನಮ್ಮವರ ಹೆಗಲ ಮೇಲಿಂದ ಪುಟ್ಟಿ ಕೇಕೆ ಹಾಕಿದಳು.

"ಮೇಡಂ? ಯಾವ ನೀರು?"

"ಕುದಿಯೋ ನೀರು," ಎಂದೆ.