ಗರಗಸಕ್ಕೊಂದು ಎಡೆ

ನನಗೆ ಕೂತಲ್ಲೇ ತೂಗುವ ಅಭ್ಯಾಸ. ತೂಕಡಿಸುವುದಲ್ಲ, ತೂಗುವುದು. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತರೂ ಸರಿ, ಮದುವೆಮನೆಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತರೂ ಸರಿ, ಸ್ವಲ್ಪ ಹೊತ್ತಿಗೆ ನನ್ನ ಮೈ ನನ್ನನ್ನು ಒಂದು ಮಾತೂ ಕೇಳದೆ ಹಿಂದಕ್ಕೂ ಮುಂದಕ್ಕೂ ಹೋಗಿಬರುವುದಕ್ಕೆ ಶುರುಮಾಡುತ್ತದೆ. ಒಮ್ಮೆ ಆಸ್ಪತ್ರೆಗೆ ಯಾರನ್ನೋ ನೋಡಲು ಹೋಗಿ ವರಾಂಡದಲ್ಲಿ ಕೂತಿದ್ದಾಗ ನರ್ಸಮ್ಮ ಓಡಿಬಂದು ನನ್ನ ನಾಡಿ ಹಿಡಿದುಕೊಂಡಿದ್ದಳು. ನನಗೇನೂ ಆಗಿರಲಿಲ್ಲ. ಟಿ. ನರಸೀಪುರದ ನನ್ನ ತವರಿನ ನಡುಮನೆಯಲ್ಲಿ ಹಲಸಿನ ಮರದ ಉಯ್ಯಾಲೆಯೊಂದಿತ್ತು. ಅದರ ಮೇಲೆ ಬೆಳೆದವರಿಗೆ ನೆಲ ಎನ್ನುವುದು ಯಾವತ್ತೂ ಪೂರ್ತಿ ನಿಂತಿರುವುದಿಲ್ಲ, ಅಷ್ಟೆ.

ಆ ಉಯ್ಯಾಲೆಯ ಮಣೆ ಒಂದೇ ಹಲಗೆ, ಮೂರಿಂಚು ದಪ್ಪ. ಮಧ್ಯಾಹ್ನ ಎಲ್ಲರಿಗೂ ಬಡಿಸಿ, ತಾನೂ ಉಂಡು, ಅವ್ವ ಅದರ ಒಂದು ತುದಿಯಲ್ಲಿ ಕೂರುತ್ತಿದ್ದಳು. ನಾವು ಮೂವರು ಹೆಣ್ಣುಮಕ್ಕಳು, ಅಕ್ಕ, ನಾನು, ತಂಗಿ ಶಶಿ, ಅವಳ ತೊಡೆಗೆ ತಲೆಯಿಡಲು ಜಗಳವಾಡಿ ಹೇಗೋ ಹೊಂದಿಕೊಳ್ಳುತ್ತಿದ್ದೆವು. ಅವ್ವ ಕಾಲಿನ ಹೆಬ್ಬೆರಳಿನಿಂದ ನೆಲವನ್ನು ಮೀಟಿ, “ಕಣ್ಮುಚ್ಕಳಿ, ಹರಿಗೋಲು ಹೊಂಟ್ತು” ಅನ್ನುತ್ತಿದ್ದಳು. ಸರಪಳಿ ಕಿರ್ರೆನ್ನುತ್ತಿತ್ತು. ಹೊಳೆಯ ನಡುವಿಗೆ ಬರುವಷ್ಟರಲ್ಲಿ ನಿದ್ದೆ. ಆಚೆ ದಡ ಹೇಗಿದೆಯೆಂದು ನಮ್ಮಲ್ಲಿ ಒಬ್ಬಳೂ ನೋಡಲಿಲ್ಲ. ಅವ್ವ ಕೂರುತ್ತಿದ್ದ ಜಾಗ ಸವೆದು ಸವೆದು ಊಟದ ತಟ್ಟೆಯ ಹಾಗೆ ತುಸು ತಗ್ಗಾಗಿತ್ತು. ಅವಳು ಹೋದ ಮೇಲೂ ಅಲ್ಲಿ ಕೈಯಿಟ್ಟರೆ ಬೆಚ್ಚಗಿದೆ ಅನ್ನಿಸುತ್ತಿತ್ತು. ಅದು ಕಿಟಕಿಯ ಬಿಸಿಲಿನಿಂದ ಎಂದು ನಮ್ಮನೆಯವರು ಹೇಳುತ್ತಾರೆ. ಇರಲಿ, ಬಿಸಿಲೂ ಆ ನಂಜುಂಡಸ್ವಾಮಿ ಕೊಟ್ಟಿದ್ದೇ.

ತವರಿನಲ್ಲಿರುವ ನಮ್ಮ ತಮ್ಮ ಆ ಮನೆಗೆ ಹೊಸ ಸೀಲಿಂಗು ಹಾಕಿಸಿದ. ಅದರೊಳಗೆ ಬಣ್ಣಬಣ್ಣದ ದೀಪ ಉರಿಯುತ್ತದೆಯೇ ಹೊರತು ಸರಪಳಿ ನಿಲ್ಲುವುದಿಲ್ಲ. “ನಿಮ್ಮಲ್ಲಿ ಯಾರಾದ್ರೂ ಮಣೆ ತಗೊಂಡೋಗ್ರವ್ವ” ಅಂದುಬಿಟ್ಟ. ಬಿಳಿಗೆರೆಗೆ ಕೊಟ್ಟಿರುವ ಅಕ್ಕ, “ನಾನು ದೊಡ್ಡೋಳು, ಅದ್ರ ಮ್ಯಾಲೆ ಮೊದ್ಲು ಮಲಗಿದ್ದು ನಾನು” ಅಂದಳು. ಹೆಡತಲೆ ಊರಿಗೆ ಕೊಟ್ಟಿರುವ ಶಶಿ, “ಅವ್ವ ಕೊನೇಗೆ ತೂಗಿದ್ದು ನನ್ನ” ಅಂದಳು. ನಾನು ಏನೂ ಅನ್ನಲಿಲ್ಲ. ನಂಜುಂಡಸ್ವಾಮಿಯ ಊರಿನಲ್ಲಿದ್ದುಕೊಂಡು, ಸೋಮವಾರ ಒಪ್ಪತ್ತು ಮಾಡಿಕೊಂಡು, ಆಸೆಯಿಲ್ಲದವಳು ಎಂದು ಹೆಸರು ತೆಗೆದುಕೊಂಡಿದ್ದೇನೆ. ಹಾಗೆ ಹೆಸರು ತೆಗೆದುಕೊಂಡವರಿಗೆ ಬಾಯಿಬಿಟ್ಟು ಕೇಳುವ ಸುಖವಿಲ್ಲ. ಆದರೆ ದಿನಾ ಬೆಳಿಗ್ಗೆ “ತಿಂಡಿ ಏನೇ?” ಎಂದು ಬರುತ್ತಿದ್ದ ಅಕ್ಕನ ಫೋನು ನಿಂತುಹೋಯಿತು. ಶಶಿಗೆ ಮಾಡಿದರೆ ಅವಳು ಅಡುಗೆ ಒಲೆಯ ಮೇಲಿದೆ ಅನ್ನುತ್ತಿದ್ದಳು. ಹೊತ್ತಿಲ್ಲದ ಹೊತ್ತಿನಲ್ಲೂ ಅವಳ ಅಡುಗೆ ಒಲೆಯ ಮೇಲೇ ಇರುತ್ತಿತ್ತು. ಅವ್ವನ ಮಡಿಲಿನಲ್ಲಿ ಹೊಂದಿಕೊಂಡ ಮೂರು ತಲೆ ಒಂದು ಹಲಗೆಗೋಸ್ಕರ ಬೇರೆಯಾಗುತ್ತಿವೆಯಲ್ಲ ಎಂದು ನನಗೆ ಅನ್ನ ಸೇರದಾಯಿತು.

ಹೀಗಿರುವಾಗ ಒಂದು ಸೋಮವಾರ ದೇವಸ್ಥಾನದಲ್ಲಿ ಕೈಮುಗಿದು ನಿಂತಿದ್ದಾಗ ಹೊಳೆಯಿತು: ಹಲಗೆಯನ್ನು ದಪ್ಪದಲ್ಲಿ ಸೀಳಿಸಿದರೆ ಮೂವರಿಗೂ ಒಂದೊಂದು! ಉದ್ದ ಅಷ್ಟೇ, ಅಗಲ ಅಷ್ಟೇ. ಮೂರಿಂಚಿಗೆ ಮೂರು ಜನ, ತಲಾ ಒಂದಿಂಚು. ಸ್ವಾಮಿಯೇ ಹೇಳಿಕೊಟ್ಟ ಎಂದು ಕಣ್ಣೀರು ಬಂತು. “ನಿನ್ನ ಐಡಿಯಾನೆಲ್ಲ ಅವನ ತಲೆಗೆ ಕಟ್ಟಬೇಡ” ಎಂದು ನಮ್ಮನೆಯವರು ಆಗಲೇ ಎಚ್ಚರಿಸಿದ್ದರು.

ತಾಂಡವಪುರದ ಕಡೆಯ ಒಂದು ಸಾಮಿಲ್ಲಿಗೆ ಮಣೆಯನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಹೋದೆವು. ಅಕ್ಕ ಒಂದು ಪಕ್ಕ, ಶಶಿ ಒಂದು ಪಕ್ಕ, ಎಂದಿನಂತೆ ನಡುವೆ ನಾನು. ಮಿಲ್ಲಿನ ಮಾದೇವಣ್ಣ ಮಣೆಯನ್ನು ಬೆರಳಿನಿಂದ ತಟ್ಟಿನೋಡಿದ.

“ಏನವ್ವ ಮಾಡ್ಬೇಕು ಇದ್ನ?”

“ಮೂರು ಮಾಡ್ಕೊಡಣ್ಣ. ಒಂದೊಂದಿಂಚು.”

“ಒಂದೊಂದಿಂಚು ಬರಾಕಿಲ್ಲ ಕಣವ್ವ.”

“ಯಾಕೆ? ಮೂರಿಂಚು ಅದೆ, ಮೂರು ಜನ ಇದೀವಿ.”

“ನಾಕು ಜನ ಇದೀರಿ. ಗರಗಸ ಲೆಕ್ಕಕ್ಕಿಲ್ವಾ? ಅದು ಕುಯ್ದಲ್ಲೆಲ್ಲ ಅಷ್ಟಷ್ಟು ತಿಂತದೆ. ಅದ್ಕೂ ಎಡೆ ಇಕ್ಬೇಕು.”

ಅಕ್ಕ ಕಿಸಕ್ಕನೆ ನಕ್ಕಳು. ಎಷ್ಟೋ ದಿನಗಳ ಮೇಲಿನ ನಗು. “ಎಡೆ ಇಕ್ಕದೆ ಕಾಫಿ ಕುಡಿಯಲ್ಲ ಇವ್ಳು. ಗರಗಸಕ್ಕೆ ಮರೆತವ್ಳೆ ನೋಡು!”

ಮಾದೇವಣ್ಣ ನಗಲಿಲ್ಲ. “ಇನ್ನೊಂದ್ ಮಾತು. ಸೀಳಿದ ಮ್ಯಾಲೆ ಇದು ಉಯ್ಯಾಲೆ ಆಗಾಕಿಲ್ಲ. ಕೂತ್ರೆ ನೀವೊಂದ್ ಕಡೆ, ಅಲಗೆ ಒಂದ್ ಕಡೆ.”

ಇದನ್ನು ನಾವು ಯಾರೂ ಯೋಚಿಸಿಯೇ ಇರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. “ಬೇಡ ಬಿಡಿ, ಅವಳೇ ಇಟ್ಟುಕೊಳ್ಳಲಿ” ಎಂದು ಒಬ್ಬರು ಅಂದಿದ್ದರೆ ಉಯ್ಯಾಲೆ ಉಳಿಯುತ್ತಿತ್ತು. ಮಿಕ್ಕ ಇಬ್ಬರಲ್ಲಿ ಯಾರಿಗಾದರೂ ಒಳ್ಳೆಯ ಬುದ್ಧಿ ಕೊಡಪ್ಪ ಎಂದು ನಾನು ಸ್ವಾಮಿಯನ್ನು ಮನಸಾರೆ ಬೇಡಿಕೊಂಡೆ. ಅವರಿಬ್ಬರೂ ಅದನ್ನೇ ಬೇಡಿಕೊಂಡರೆಂದು ಆಮೇಲೆ ತಿಳಿಯಿತು. ಮೂರು ಅರ್ಜಿ ಒಂದಕ್ಕೊಂದು ತಾಕಿ ಬಿದ್ದುಹೋಗಿರಬೇಕು. “ಕೊಯ್ಯಣ್ಣ” ಅಂದಳು ಅಕ್ಕ.

ಉದ್ದನೆಯ ಪಟ್ಟಿಯಂಥ ಗರಗಸ ಕೂಗುತ್ತ ಹಲಗೆಯೊಳಕ್ಕೆ ಇಳಿಯಿತು. ಅರಿಶಿನದಂಥ ಹೊಟ್ಟು ಉದುರಿತು. ಹಣ್ಣಾದ ಹಲಸಿನ ತೊಳೆಯನ್ನು ಯಾವುದೋ ಹಳೆಯ ಬೇಸಿಗೆಯಲ್ಲಿ ಬಿಡಿಸಿಟ್ಟು ಮರೆತುಹೋದಂಥ ಒಂದು ಸಣ್ಣ ವಾಸನೆ ಬಂತು. ನನ್ನ ಭ್ರಮೆಯೂ ಇರಬಹುದು. ಮೇಲಿನ ಹಲಗೆ, ಅವ್ವನ ತಗ್ಗು ಇರುವುದು, ದೊಡ್ಡವಳಾದ ಅಕ್ಕನಿಗೆ. ಅಡಿಯದು ಶಶಿಗೆ, ಚಿಕ್ಕವಳಿದ್ದಾಗ ಉಯ್ಯಾಲೆಯ ಕೆಳಗೆ ಮಲಗಿ ಪಿನ್ನಿನಿಂದ ಅವಳು ಕೆತ್ತಿದ್ದ “ಅಕ್ಕ ಕತ್ತೆ” ಅಲ್ಲಿ ಇನ್ನೂ ಇತ್ತು. ಯಾವ ಅಕ್ಕ ಎಂದು ಬರೆದಿಲ್ಲದ್ದರಿಂದ ನಾನೂ ಅಕ್ಕನೂ ನೆಮ್ಮದಿಯಾಗಿದ್ದೇವೆ. ನಡುವಿನದು ನಡುವಿನವಳಿಗೆ ಎಂದು ನಾನು ಮೊದಲೇ ತ್ಯಾಗ ಮಾಡಿಯಾಗಿತ್ತು. ಅದನ್ನು ಎತ್ತಿ ನಿಲ್ಲಿಸಿದಾಗ ನೋಡಬೇಕಿತ್ತು! ಅರಿಶಿನ ಹಚ್ಚಿ ಎರೆದು ಕೂರಿಸಿದ ಮದುವಣಗಿತ್ತಿಯ ಹಾಗೆ ಎರಡೂ ಕಡೆ ಹಳದಿ, ಹೊಳೆಯ ನೀರಿನ ಹಾಗೆ ಉದ್ದಕ್ಕೂ ಗೆರೆ.

“ಅಯ್ಯೋ, ನಿಂದೊಂದೇ ಹೊಸ್ದು!” ಅಂದಳು ಅಕ್ಕ. ಮತ್ತೆ ಶುರುವಾಯಿತಲ್ಲ ಅಂದುಕೊಂಡೆ. ಮಾದೇವಣ್ಣ ಅವಳ ಹಲಗೆಯನ್ನು ಮಗುಚಿ ತೋರಿಸಿದ. “ನಿಮ್ದೂ ಇಂಗೇ ಅದೆ ತಾಯಿ, ಬೆನ್ನಿಗೆ. ಈ ಮಗ್ಗುಲು ಮ್ಯಾಲೆ ಮಾಡ್ಕಳಿ.” ಅಕ್ಕ ಆ ಹಳದಿಯನ್ನು ನೋಡಿದಳು. ಆಮೇಲೆ ತಾನೇ ಹಲಗೆಯನ್ನು ತಿರುಗಿಸಿ, ಅವ್ವನ ತಗ್ಗಿನ ಮೇಲಿದ್ದ ಹೊಟ್ಟನ್ನು ಸೆರಗಿನಿಂದ ಒರೆಸಿದಳು. “ಬ್ಯಾಡ. ನಂಗಿಂಗೇ ಇರ್ಲಿ” ಅಂದಳು. ಶಶಿ ಹೋಗಿ ಆ ತಗ್ಗಿನ ಮೇಲೆ ಕೈಯಿಟ್ಟಳು. ನಾನೂ ಇಟ್ಟೆ. ಅಲ್ಲಿ ಕಿಟಕಿಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ. ಬೆಚ್ಚಗಿತ್ತು. ಗರಗಸದ ಬಿಸಿ ಎಂದು ನಮ್ಮನೆಯವರು ಹೇಳುತ್ತಾರೆ. ಮಾರನೆಯ ಬೆಳಿಗ್ಗೆ ಫೋನು ಬಂತು: “ತಿಂಡಿ ಏನೇ?”

ಹೀಗೆ ಸರಿಸಮವಾಗಿ ಹಂಚಿಕೊಂಡು ಮೂವರಿಗೂ ಉಯ್ಯಾಲೆ ಇಲ್ಲದ ಹಾಗೆ ಮಾಡಿಕೊಂಡೆವು. ನನ್ನ ಹಲಗೆಗೆ ಸಣ್ಣ ಕಾಲು ಹೊಡೆಸಿ ದೇವರ ಮುಂದೆ ಮಣೆ ಮಾಡಿಕೊಂಡಿದ್ದೇನೆ. ಹಳದಿ ಈಗ ಜೇನಿನ ಬಣ್ಣಕ್ಕೆ ತಿರುಗುತ್ತಿದೆ. ಬೆಳಿಗ್ಗೆ ವಿಭೂತಿಯಿಟ್ಟು, ಅದರ ಮೇಲೆ ಕೂತು ಕಣ್ಣುಮುಚ್ಚಿದರೆ ಸಾಕು, ಮೈ ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ. ಮೊನ್ನೆ ಎದುರುಮನೆಯಾಕೆ ಬಾಗಿಲಲ್ಲಿ ನಿಂತು ನೋಡಿ, “ಏನ್ ಭಕ್ತಿ ಕಣಣ್ಣ, ಲೋಕಾನೇ ಮರೆತ್ಬುಟ್ಟವ್ರೆ” ಎಂದು ನಮ್ಮನೆಯವರ ಹತ್ತಿರ ಪಿಸುಗುಟ್ಟಿ, ನನ್ನ ಕಾಲಿಗೆ ನಮಸ್ಕಾರ ಮಾಡಿ ಹೋದಳಂತೆ. ತಡೆಯುವುದಕ್ಕೆ ನಾನು ಅಲ್ಲಿರಲಿಲ್ಲ. ಹರಿಗೋಲು ಆಗ ತಾನೇ ಹೊಳೆಯ ನಡುವಿಗೆ ಬಂದಿತ್ತು.