ಪರವಾನಗಿ ಇಲ್ಲದ ಟಪಾಲು

ಶಿಸ್ತು ಎಲ್ಲಿರುತ್ತದೋ ಅಲ್ಲಿಗೇ ಇಂಥ ಫಜೀತಿಗಳು ವಿಳಾಸ ಕೇಳಿಕೊಂಡು ಬರುತ್ತವೆ. ಕುಂದಗೋಳ ಕಡೆಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಹೆಡ್‌ಮಿಸ್ಟ್ರೆಸ್ ಆಗಿದ್ದಾಗ, ಬಾಗಿಲಲ್ಲಿ ನಿಂತು "ಒಳಗ ಬರಲೇನ್ರಿ?" ಎಂದು ಕೇಳದೆ ಯಾರೂ ನನ್ನ ಕೋಣೆಗೆ ಕಾಲಿಡುತ್ತಿರಲಿಲ್ಲ. ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದೇ ಅದು. ನಿವೃತ್ತಳಾದ ಮೇಲೆ ನನ್ನ ಮನೆಗೆ ಬೆಕ್ಕು ಸಹ ಕೇಳದೆ ಬರುತ್ತದೆ. ಆ ಬಾಗಿಲು ಬಹಳ ನೆನಪಾಗುತ್ತದೆ.

೧. ಮಾಲಕ ಯಾರು?

ಚೀಟಿಗಳ ಕಾಟ ತಪ್ಪಲೆಂದು ಕಂಪ್ಯೂಟರ್ ಮಾಸ್ತರು ಲ್ಯಾಬಿನ ಲಿನಕ್ಸ್ ಯಂತ್ರದಲ್ಲಿ ಶಾಲೆಯೊಳಗಿನ ಮೇಲ್ ವ್ಯವಸ್ಥೆ ಮಾಡಿದರು. ರಜೆಯ ಅರ್ಜಿಯೂ ಅದರಲ್ಲೇ ಬರಬೇಕೆಂದು ನಾನು ಹುಕುಂ ಹೊರಡಿಸಿದೆ. ಮೊದಲ ದಿನವೇ ನನ್ನ ಹೆಸರಿನ ಮೇಲ್ ಡಬ್ಬಿ ನನಗೇ ತೆರೆಯಲಿಲ್ಲ.

"ಡಬ್ಬಿ ನಿಮ್ಮದ ಐತ್ರಿ ಮೇಡಂ. ಆದ್ರ ಮಾಲಕ ರೂಟ್ ಆಗ್ಯಾನ್ರಿ," ಎಂದರು ಮಾಸ್ತರು.

"ಯಾರವನು?"

"ಇಡೀ ಯಂತ್ರಕ್ಕ ದೊಡ್ಡ ಸಾಹೇಬ್ರಿ."

"ನನ್ನ ಪತ್ರ ನಮ್ಮ ಯಜಮಾನರೇ ಇವತ್ತಿನವರೆಗೆ ಒಡೆದಿಲ್ಲ. ಮೊದಲು ಅವನನ್ನ ಹೊರಗ ಹಾಕ್ರಿ!"

೨. ಬಸ್‌ಸ್ಟ್ಯಾಂಡು

ಮಾಸ್ತರು ಗಾಬರಿಯಲ್ಲಿ ನನ್ನ ಡಬ್ಬಿಯ ಮೇಲೆ ಎಲ್ಲರಿಗೂ ಎಲ್ಲ ಹಕ್ಕನ್ನೂ ಕೊಟ್ಟುಬಿಟ್ಟರು. ಮರುದಿನ ಹಿಂದಿ ಟೀಚರು ನನ್ನನ್ನು ಕಂಡವರೇ, "ಮೊಣಕಾಲಿಗೆ ಎಳ್ಳೆಣ್ಣಿ ಹಚ್ಚರಿ ಮೇಡಂ," ಎಂದರು. ನನ್ನ ಮೊಣಕಾಲಿನ ಸುದ್ದಿ ಪಿ.ಟಿ. ಟೀಚರಿಗೆ ಮಾತ್ರ ಗೊತ್ತಿತ್ತು. ಅವರು ಆರೋಗ್ಯ ವಿಚಾರಿಸಿ ಬರೆದ ಮೇಲ್ ನನ್ನ ಡಬ್ಬಿಯಲ್ಲಿತ್ತು.

"ಮಾಸ್ತರ್ರೇ, ಇದು ಡಬ್ಬಿಯೋ ಬಸ್‌ಸ್ಟ್ಯಾಂಡೋ? ಬಿಗಿ ಮಾಡ್ರಿ!"

"ಎಷ್ಟು ಬಿಗಿ ಮಾಡ್ಲಿರಿ?"

"ನಮ್ಮ ಕಾನ್ವೆಂಟಿನಷ್ಟು!"

ಅವರು ಕಲಿತದ್ದು ಸರಕಾರಿ ಶಾಲೆಯಲ್ಲಿ. ಪಾಪ, ಅಂದಾಜಿನ ಮೇಲೆ ಬಿಗಿ ಮಾಡಿದರು.

೩. ಎರಡು ಶಬ್ದ

ಆ ವಾರ ಗಣಿತದ ಟೀಚರು ನನ್ನೊಡನೆ ಮಾತು ಬಿಟ್ಟರು. ನಮಸ್ಕಾರವನ್ನೂ ಗೋಡೆಗೆ ಮಾಡುತ್ತಿದ್ದರು. ಕಡೆಗೆ ಅವರ ಊರು ಶಲವಡಿಯಿಂದ ತಾಯಿಯೇ ಬಂದು ಬಾಗಿಲಲ್ಲಿ ನಿಂತರು.

"ಒಳಗ ಬರಲೇನ್ರಿ? ಸೋಮವಾರ ನಮ್ಮ ಹುಡುಗಿ ನಿಶ್ಚಯ ಐತ್ರಿ. ಆಕಿನ ಬಿಟ್ಟು ನಿಶ್ಚಯ ಹೆಂಗ ಮಾಡೂಣ್ರಿ? ರಜಾ ಯಾಕ ಕೊಡವಲ್ರಿ? ವರ ನಿಮಗ ಪಸಂದ ಬರಲಿಲ್ಲೇನ್ರಿ?"

"ಅರ್ಜಿಯೇ ಬಂದಿಲ್ಲವಲ್ಲ!"

ಗಣಿತದ ಟೀಚರನ್ನು ಕರೆಸಿದೆ. ಅವರು ಕಣ್ಣೊರೆಸಿಕೊಳ್ಳುತ್ತಲೇ ಲ್ಯಾಬಿನಲ್ಲಿ ತಮ್ಮ ಅರ್ಜಿ ತೋರಿಸಿದರು. ಅದು ತಿರುಗಿ ಬಂದಿತ್ತು. ಜೊತೆಗೆ ಇಂಗ್ಲಿಷಿನಲ್ಲಿ ಎರಡು ಶಬ್ದ: 'ಪರ್ಮಿಷನ್ ಡಿನೈಡ್.' ಪರವಾನಗಿ ಇಲ್ಲ.

ಮಾಸ್ತರು ಹಣೆ ಬಡಿದುಕೊಂಡರು. "ಅಯ್ಯ, ಅದು ಮೇಡಂ ಅಂದದ್ದಲ್ರಿ! ಡಬ್ಬಿಯೊಳಗ ಬರಿಯೋ ಹಕ್ಕನ್ನೂ ನಾ ತಗದುಬಿಟ್ಟೇನ್ರಿ. ಟಪಾಲು ಒಳಗ ಹೋಗವಲ್ದು ಅಂತ ಯಂತ್ರನೇ ವಾಪಸ್ ಕಳಿಸೈತ್ರಿ."

ನಿಂತಲ್ಲೇ ರಜೆ ಕೊಟ್ಟೆ. ತಾಯಿ ನಕ್ಕು, ಹೋಳಿಗೆ ಊಟಕ್ಕೆ ನನ್ನನ್ನೂ ಕರೆದರು. ಆಮೇಲೆ ಗಣಿತದ ಟೀಚರನ್ನು ಕೇಳಿದೆ: "ಯಂತ್ರ ಬರೆದದ್ದನ್ನ ನಾನು ಬರೆದದ್ದು ಅಂತ ಹೇಗೆ ನಂಬಿದಿರಿ?"

ಅವರು ನೆಲ ನೋಡುತ್ತ ಹೇಳಿದರು: "ಎರಡ ಶಬ್ದ ಇದ್ವು ಮೇಡಂ. ಸ್ಪೆಲಿಂಗ್ ತಪ್ಪಿರಲಿಲ್ಲ. 'ಸಾರಿ' ಅಂತನೂ ಇರಲಿಲ್ಲ. ನಮ್ಮ ಸಾಲ್ಯಾಗ ಹಂಗ ಬರಿಯೋರು ನಿಮ್ಮನ್ನ ಬಿಟ್ರ ಯಾರದಾರ್ರಿ?"