ಹಲ್ಲಿನ ಡಾಕ್ಟರಿಗೆ ತಾಗಿದ ಕಣ್ಣು

ಆಗಸ್ಟ್ ತಿಂಗಳನ್ನು ಕಂಡುಹಿಡಿದ ಪುಣ್ಯಾತ್ಮ ನನ್ನ ಕೈಗೆ ಸಿಕ್ಕರೆ, ಆಕ್ಟೋಪಸ್ಸನ್ನು ಬಡಿಯುವ ಹಾಗೆ ಬಂಡೆಗೆ ನಲವತ್ತು ಸಲ ಬಡಿದು, ಹಗ್ಗಕ್ಕೆ ನೇತುಹಾಕಿ ಒಣಗಿಸುತ್ತೇನೆ. ಉಳಿದ ಹನ್ನೊಂದು ತಿಂಗಳು ನಮ್ಮ ಪೆಟ್ರಾಕಿ ಸುಖವಾಗಿಯೇ ಇರುತ್ತದೆ. ಹದಿನಾಲ್ಕು ಮನೆ, ಒಂದು ಚರ್ಚು, ಒಂದು ಕಾಫಿ ಅಂಗಡಿ, ದಿನಕ್ಕೊಂದು ಬಸ್ಸು (ಡ್ರೈವರಿಗೆ ಮನಸ್ಸು ಬಂದರೆ), ಎದುರಿಗೆ ಸದ್ದಿಲ್ಲದೆ ಬಿದ್ದುಕೊಂಡಿರುವ ಸಮುದ್ರ. ಇಂಥ ಊರಿನಲ್ಲಿ ಗಂಡನಾದವನು ನೆಮ್ಮದಿಯಾಗಿರಬಹುದು, ಏಕೆಂದರೆ ಹೆಂಡತಿಗೆ ಅವನನ್ನು ಹೋಲಿಸಿ ನೋಡಲು ಬೇರೆ ಮಾದರಿಯೇ ಸಿಗುವುದಿಲ್ಲ. ಆಗಸ್ಟ್ ಬಂತೆಂದರೆ ಅಥೆನ್ಸಿನಿಂದ ಮಾದರಿಗಳು ರಜೆಗೆ ಬಂದಿಳಿಯುತ್ತವೆ.

ಈ ವರ್ಷ ನಮ್ಮ ಮನೆಯ ಮೇಲಿನ ಕೋಣೆಗೆ ಬಂದಿಳಿದದ್ದು ಲಿಯಾಂಡ್ರೋಸ್ ಎಂಬ ಹಲ್ಲಿನ ಡಾಕ್ಟರು. ಅರವತ್ತು ದಾಟಿದ ವಿಧುರ, ತಲೆಯ ತುಂಬ ಅಲೆ ಅಲೆಯಾದ ಬೆಳ್ಳಿ ಕೂದಲು, ಇಸ್ತ್ರಿ ಮಾಡಿದ ಬಿಳಿ ಕೋಟು. (ನನ್ನ ತಲೆಯ ವಿಚಾರ ಈಗ ಬೇಡ.) ಆ ಕೋಣೆ ಸುಮ್ಮನೆ ಖಾಲಿ ಬಿದ್ದಿದೆ, ರಜೆಗೆ ಬರುವವರಿಗೆ ಕೊಡೋಣ ಎಂಬ ಅಮೋಘ ಐಡಿಯಾ ನನ್ನದೇ. ನನ್ನ ಹೆಂಡತಿ ಅಸಿಮಿನಾ ಮೊದಲು ಬೇಡ ಅಂದಿದ್ದಳು. ಮೂವತ್ತೊಂದು ವರ್ಷದ ಸಂಸಾರದಲ್ಲಿ ನಾನು ಅವಳನ್ನು ಒಪ್ಪಿಸಿದ್ದು ಇದೊಂದೇ ಸಲ. ಮಾಡಿದ್ದುಣ್ಣೋ ಮಹರಾಯ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಬಂದ ಮೂರನೆಯ ದಿನವೇ ಡಾಕ್ಟರು ಮೊಣಕಾಲುದ್ದ ನೀರಿಗೆ ಇಳಿದು ಒಂದು ಆಕ್ಟೋಪಸ್ ಹಿಡಿದುಬಿಟ್ಟರು. ದೇವಮಾತೆಯ ಹಬ್ಬದ ಮುಂಚಿನ ಉಪವಾಸದ ದಿನಗಳು, ಮೀನು ಮುಟ್ಟುವಂತಿಲ್ಲ, ರಕ್ತವಿಲ್ಲದ ಆಕ್ಟೋಪಸ್ಸಿಗೆ ಮಾತ್ರ ಮಾಫಿ. ಹಾಗಾಗಿ ಅಸಿಮಿನಾಗೆ ಸ್ವರ್ಗವೇ ಸಿಕ್ಕಿದಂತಾಯಿತು.

"ಅಯ್ಯೋ, ಏನ್ ಕೈ ರೀ ನಿಮ್ದು ಡಾಕ್ಟ್ರೇ! ಥೂ, ಥೂ, ಥೂ!"

ಗಾಬರಿ ಬೇಡ. ನಮ್ಮಲ್ಲಿ ಯಾರನ್ನಾದರೂ ಹೊಗಳಿದರೆ ಕೂಡಲೇ ಮೂರು ಸಲ ಉಗುಳಬೇಕು. ಇಲ್ಲದಿದ್ದರೆ ಕಣ್ಣು ತಾಗುತ್ತದೆ. ಆ ತಿಂಗಳು ನನ್ನ ಹೆಂಡತಿ ಡಾಕ್ಟರ ಮೇಲೆ ಉಗುಳಿದ್ದರಲ್ಲಿ ಒಂದು ಸಣ್ಣ ಬಾವಿ ತುಂಬುತ್ತಿತ್ತು. ಅವರ ಕೂದಲಿಗೆ ಥೂ ಥೂ, ಅವರು ಊಟವಾದ ಮೇಲೆ ತಟ್ಟೆಯನ್ನು ತಾವೇ ತೊಳೆದಿಟ್ಟದ್ದಕ್ಕೆ ಥೂ ಥೂ.

"ನಾನೂ ನಲವತ್ತು ವರ್ಷದಿಂದ ಆಕ್ಟೋಪಸ್ ಹಿಡೀತಿದೀನಿ. ನನ್ನ ಮೇಲೆ ಯಾವತ್ತಾದ್ರೂ ಉಗುಳಿದೀಯಾ?" ಎಂದು ಕೇಳಿದೆ.

"ನೀನು ಹಿಡಿದದ್ದನ್ನ ಕಾಫಿ ಅಂಗಡಿಯ ಥ್ರಾಸೋಗೆ ಕೊಟ್ಟು, ಆ ಊಝೋ ಸಾರಾಯಿ ಕುಡಿದು, ಕೈ ಬೀಸ್ಕೊಂಡು ಮನೆಗೆ ಬರ್ತೀಯ. ಉಗುಳಬೇಕು ಅಂತ ಎಷ್ಟೋ ಸಲ ಅನಿಸಿದೆ, ಪಾಂಡೆಲಿ. ಅದು ಬೇರೆ ಕಾರಣಕ್ಕೆ."

ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ. ನನಗೆ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ, ಸೌದೆ ಒಲೆ ಉರಿದ ಹಾಗೆ ಉರಿಯಿತು. ಆದರೆ ನಾನು ಮರ್ಯಾದಸ್ಥ. ಡಾಕ್ಟರನ್ನು ಸುಮ್ಮನೆ ನೋಡುತ್ತ ಕೂತೆ. ಎಂಥ ಕೂದಲು, ಎಂಥ ಹಲ್ಲು, ಬಂದ ಮೂರು ದಿನಕ್ಕೇ ಎಂಥ ಆಕ್ಟೋಪಸ್ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಉಗುಳಲಿಲ್ಲ. ಯಾಕೆ ಉಗುಳಲಿ? ಬಾಯಿ ಬಿಟ್ಟು ಹೊಗಳಿದರೆ ತಾನೇ ಉಗುಳುವ ಕಾಯಿದೆ?

ಮಾರನೆಯ ಬೆಳಿಗ್ಗೆ ಡಾಕ್ಟರಿಗೆ ತಲೆನೋವು. ಅದರ ಮಾರನೆಯ ದಿನ ಅವರು ಎರಡು ಮರಗಳ ನಡುವೆ ಬಲೆಯ ಉಯ್ಯಾಲೆ ಕಟ್ಟಿಕೊಂಡು ರಾಜನಂತೆ ಮಲಗಿದ್ದರು. ಏನು ಸುಖ ಈ ಮನುಷ್ಯನಿಗೆ ಎಂದು ನಾನು ಕಾಫಿ ಅಂಗಡಿಯಿಂದ ನೋಡುತ್ತಿದ್ದಂತೆಯೇ ಹಗ್ಗ ಪಟ್ಟನೆ ಹರಿದು ಅವರು ಧೊಪ್ಪನೆ ಬಿದ್ದರು. ಇನ್ನೊಂದು ದಿನ ಅವರ ಚಂದದ ಹುಲ್ಲಿನ ಟೋಪಿ ನನ್ನ ಕಣ್ಣೆದುರೇ ಹಾರಿ ಸಮುದ್ರಕ್ಕೆ ಬಿತ್ತು. ಅವತ್ತು ಗಾಳಿಯೇ ಇರಲಿಲ್ಲ. ಪಾಪ ಅನ್ನಿಸಿತು. (ಇಲ್ಲ, ಅನ್ನಿಸಲಿಲ್ಲ. ಒಂದು ಊಝೋ ಹೆಚ್ಚಿಗೆ ತರಿಸಿಕೊಂಡೆ.)

ಆದರೆ ಬಿದ್ದಷ್ಟೂ ಆತನಿಗೆ ಉಪಚಾರ ಹೆಚ್ಚಾಯಿತು. ತಲೆಗೆ ಒದ್ದೆ ಬಟ್ಟೆ, ಸೊಂಟಕ್ಕೆ ಎಣ್ಣೆ, ಬಾಯಿಗೆ ಸುಲಿದ ಅಂಜೂರ. ನನಗೆ ಕಳೆದ ಚಳಿಗಾಲದಲ್ಲಿ ಜ್ವರ ಬಂದಾಗ ಸಿಕ್ಕಿದ್ದು "ಗೋಡೆ ಕಡೆ ತಿರುಗಿ ಕೆಮ್ಮು" ಎಂಬ ಔಷಧ ಒಂದೇ.

ಅಲ್ಲಿಂದ ಮುಂದೆ ಮನೆಯಲ್ಲಿ ವಿಚಿತ್ರಗಳು ಶುರುವಾದವು. ಅಸಿಮಿನಾ ದಿನಾ ಬೆಳಿಗ್ಗೆ "ಬನಿಯನ್ ಬಿಚ್ಚಿ ಕೊಡು, ಒಗೀಬೇಕು" ಎನ್ನುವಳು. ಮೂವತ್ತೊಂದು ವರ್ಷದಲ್ಲಿ ಹೀಗೆ ಕೇಳಿದವಳಲ್ಲ. ಕೊಟ್ಟ ಬನಿಯನ್ ವಾಪಸು ಬರುತ್ತಿರಲಿಲ್ಲ. ಅಡುಗೆಮನೆಯಲ್ಲಿ ಬಟ್ಟೆ ಸುಟ್ಟ ವಾಸನೆ. ಕೇಳಿದರೆ, "ಅನ್ನ ತುಂಬಿದ ಟೊಮ್ಯಾಟೊ ತಳ ಹಿಡೀತು" ಎನ್ನುವಳು. ಅವಳ ಕೈಯಲ್ಲಿ ಟೊಮ್ಯಾಟೊ ತಳ ಹಿಡಿದದ್ದನ್ನು ನಾನು ಕಂಡೇ ಇಲ್ಲ. ಹೆಂಗಸಿಗೆ ಒಲೆಯ ಮೇಲೆ ಗಮನವಿಲ್ಲ ಎಂದರೆ ಮನಸ್ಸು ಬೇರೆಲ್ಲೋ ಇದೆ ಎಂದರ್ಥ. ಆ ಬೇರೆಲ್ಲೋ ಎಂಬುದು ನಮ್ಮ ಮೇಲಿನ ಕೋಣೆಯೇ ಎಂದು ನನಗೆ ಖಾತ್ರಿಯಾಯಿತು.

ಇದು ಸಾಲದೆಂಬಂತೆ ನಮ್ಮ ಅತ್ತೆ. ಸ್ತಮಾತಾ ಎಂದರೆ ಸುತ್ತ ಏಳು ಊರಿಗೂ ಗೊತ್ತು. ಎಂಬತ್ತಾರು ವರ್ಷ, ಅರವತ್ತು ವರ್ಷದಿಂದ ಜನರಿಗೆ ದೃಷ್ಟಿ ತೆಗೆಯುತ್ತ ಬಂದಿರುವ ಮಹಾತಾಯಿ. ನೀರಿಗೆ ಎಣ್ಣೆಯ ಹನಿ ಬಿಟ್ಟು ಮಂತ್ರ ಪಿಸುಗುಟ್ಟಿದರೆ ಸಾಕು, ಎಂಥ ಕಣ್ಣಾದರೂ ಇಳಿಯಲೇಬೇಕು. ನನ್ನೊಡನೆ ದಿನಕ್ಕೆ ಮೂರು ಮಾತಿಗಿಂತ ಹೆಚ್ಚು ಆಡದ ಆಕೆ, ಒಂದು ಸಂಜೆ ಜಗಲಿಯಲ್ಲಿ ಡಾಕ್ಟರ ಕಿವಿಗೆ ಬಾಯಿಟ್ಟು ಅರ್ಧ ಗಂಟೆ ಏನೋ ಉಸುರುತ್ತಿದ್ದಳು. ಕಟ್ಟಿಸಿದ ಹಲ್ಲಿನ ದೂರು ಇರಬೇಕು ಎಂದುಕೊಂಡು ಬಿಟ್ಟೆ. ಆದರೆ ಎರಡು ದಿನ ಬಿಟ್ಟು ಹಿತ್ತಲಿನ ಅಂಜೂರದ ಮರದ ಕೆಳಗೆ ಅದೇ ಡಾಕ್ಟರು ನನ್ನ ಹೆಂಡತಿಯ ಕಿವಿಗೆ ಬಾಯಿಟ್ಟು ಉಸುರುತ್ತಿದ್ದರು. ಅವಳು ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತ, ಒಂದೊಂದು ಮಾತನ್ನೂ ಎದೆಗಿಳಿಸಿಕೊಳ್ಳುತ್ತಿದ್ದಳು. ಅವಳ ಹಲ್ಲು ಮೂವತ್ತೆರಡೂ ಗಟ್ಟಿ!

ಅವತ್ತು ನನಗೆ ಊಟ ಸೇರಲಿಲ್ಲ. ನಗಬೇಡಿ. ಅಸಿಮಿನಾ ಬೈಯುತ್ತಾಳೆ, ಹಂಗಿಸುತ್ತಾಳೆ, ಎಲ್ಲ ನಿಜ. ಆದರೆ ಆ ಬೈಗುಳ ನನ್ನದು. ಅವಳಿಲ್ಲದೆ ನಾನೊಬ್ಬನೇ ಈ ಮನೆಯಲ್ಲಿ ಯಾರಿಂದ ಬೈಸಿಕೊಳ್ಳಲಿ ಎಂದು ನೆನೆದರೇ ಎದೆ ಒಡೆಯುತ್ತಿತ್ತು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ, ಊರೆಲ್ಲ ನಿದ್ದೆ ಹೋದ ಹೊತ್ತು. ಬಲೆ ಹೊಲಿಯಲು ಹೋಗುತ್ತೇನೆಂದು ಹೇಳಿ, ಅಂಜೂರದ ಮರದ ಹಿಂದೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ. ಅಡುಗೆಮನೆಯ ಬಾಗಿಲು ಮುಚ್ಚಿತು. ಒಳಗಿನಿಂದ ಮೊದಲು ಪಿಸುಮಾತು. ಆಮೇಲೆ "ಆಆಹ್" ಎಂಬ ನನ್ನ ಹೆಂಡತಿಯ ಉದ್ದನೆಯ ಸದ್ದು. ಮತ್ತೆ ಇನ್ನೂ ಉದ್ದವಾಗಿ "ಆಆಆಹ್". ಆಮೇಲೆ ಡಾಕ್ಟರ ದನಿ: "ಹೆದರಬೇಡಿ ಅಸಿಮಿನಾ, ಮುಖ ಹೀಗೆ ಕೊಡಿ."

ಸಾಕು! ನನ್ನ ವಂಶದಲ್ಲಿ ತುರ್ಕರೊಡನೆ ಕಾದಾಡಿದವರಿದ್ದಾರೆ. ಆಯುಧಕ್ಕಾಗಿ ಸುತ್ತ ನೋಡಿದೆ. ಹಗ್ಗದ ಮೇಲೆ ಹಬ್ಬಕ್ಕೆಂದು ಒಣಗಿಸಿದ್ದ ಆಕ್ಟೋಪಸ್ ಬಿಟ್ಟರೆ ಬೇರೇನೂ ಇರಲಿಲ್ಲ. ಅದನ್ನೇ ಎಳೆದುಕೊಂಡು, ಎಂಟು ಕಾಲನ್ನೂ ಗಿರಗಿರನೆ ಬೀಸುತ್ತ ಬಾಗಿಲು ಒದ್ದು ಒಳಗೆ ನುಗ್ಗಿದೆ.

ಡಾಕ್ಟರು ನನ್ನ ಹೆಂಡತಿಯ ಎರಡು ಕೆನ್ನೆಗಳನ್ನೂ ಎರಡು ಕೈಯಲ್ಲಿ ಹಿಡಿದು ಅವಳ ಮುಖದ ಮೇಲೆ ಬಗ್ಗಿದ್ದರು!

"ಎಲವೋ ಪಾಪಿ! ಅನ್ನ ಇಟ್ಟ ಮನೆಗೇ..."

"ಆ... ಆ... ಆ..." ಎಂದಳು ಅಸಿಮಿನಾ, ಬಾಯಿ ಬಾವಿಯಷ್ಟು ತೆರೆದು, ಕಣ್ಣಲ್ಲಿ ನೀರು ತುಂಬಿಕೊಂಡು.

"ಮಾತಾಡು! ಮೂವತ್ತೊಂದು ವರ್ಷ ಬಾಯಿ ಮುಚ್ಚಿದವಳಲ್ಲ, ಈಗ ಯಾಕೆ ಮಾತು ಬರಲ್ಲ?"

"ಅವಳ ದವಡೆ ಜಾರಿದೆ ಕಣೋ ಮುಠ್ಠಾಳ!" ಎಂದಿತು ಮೂಲೆಯಿಂದ ಒಂದು ದನಿ. ಅತ್ತೆ! ಮಂಡಿಯ ಮೇಲೆ ಕೈಯಿಟ್ಟುಕೊಂಡು ಅಲ್ಲೇ ಕೂತಿದ್ದಳು. ಅಷ್ಟರಲ್ಲಿ ಡಾಕ್ಟರು ಎರಡು ಹೆಬ್ಬೆರಳನ್ನೂ ನನ್ನ ಹೆಂಡತಿಯ ಬಾಯೊಳಗಿಟ್ಟು ಕೆಳಕ್ಕೆ ಒತ್ತಿದರು. ಕಟಕ್ ಎಂದಿತು. ಅಸಿಮಿನಾ ಬಾಯಿ ಮುಚ್ಚಿದಳು, ತೆರೆದಳು, ಇನ್ನೊಮ್ಮೆ ಮುಚ್ಚಿದಳು.

"ಆ ಆಕ್ಟೋಪಸ್ ಕೆಳಗಿಡು, ಪಾಂಡೆಲಿ. ಹಬ್ಬಕ್ಕೆ ಇರೋದು ಅದೊಂದೇ."

ಇಟ್ಟೆ. ಮೇಜಿನ ಮೇಲೆ ಒಂದು ತಟ್ಟೆ ನೀರು, ಎಣ್ಣೆಯ ಬಟ್ಟಲು, ಪಕ್ಕದಲ್ಲಿ ಹೊಗೆಯಾಡುತ್ತಿದ್ದ ಒಂದು ಚೂರು ಬಟ್ಟೆ. ಬಟ್ಟೆಯ ಗುರುತು ಹತ್ತಿತು. ನನ್ನ ಬನಿಯನ್.

"ಯಾರಿಗೆ ದೃಷ್ಟಿ ತೆಗೀತಿದ್ರಿ?" ಎಂದೆ, ಸ್ವಲ್ಪ ಸಣ್ಣ ದನಿಯಲ್ಲಿ.

"ಡಾಕ್ಟ್ರಿಗೆ. ಹಾಕಿದ್ದು ಯಾರು ಅಂತ ಕೇಳಲ್ವಾ?" ಎಂದಳು ಅತ್ತೆ. "ನೀನೇ! ನೀಲಿ ಕಣ್ಣಿನವರ ದೃಷ್ಟಿಯೇ ಘೋರ, ಅದರ ಮೇಲೆ ನೀನು ಶನಿವಾರ ಹುಟ್ಟಿದ ಪಿಂಡ! ಹತ್ತು ದಿನದಿಂದ ದಿನಕ್ಕೆ ಮೂರು ಸಲ ನಿನ್ನ ಕಣ್ಣು ಇಳಿಸಿ ಇಳಿಸಿ ನಂಗೆ ಉಸಿರೇ ಉಳೀಲಿಲ್ಲ. ಅದಕ್ಕೇ ಮಂತ್ರಾನ ಮಗಳಿಗೆ ದಾಟಿಸಿಬಿಟ್ಟೆ."

ಆಗ ಹೊಳೆಯಿತು. ಈ ಮಂತ್ರ ಹೆಂಗಸಿನಿಂದ ಹೆಂಗಸಿಗೆ ನೇರವಾಗಿ ಹೋಗುವಂತಿಲ್ಲ. ಹೆಂಗಸು ಗಂಡಸಿಗೆ ಹೇಳಬೇಕು, ಗಂಡಸು ಹೆಂಗಸಿಗೆ ಹೇಳಬೇಕು, ಅದೂ ಕಿವಿಯಲ್ಲಿ, ಮೂರನೆಯವರಿಗೆ ಕೇಳಿಸದ ಹಾಗೆ. ಇದು ನಮ್ಮೂರಿನ ತೊಟ್ಟಿಲ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಹೊಟ್ಟೆಕಿಚ್ಚಿನ ಹೊಗೆಯಲ್ಲಿ ಕಾಣಲಿಲ್ಲ, ಅಷ್ಟೆ.

"ನಡುವೆ ಒಬ್ಬ ಗಂಡಸು ಬೇಕಿದ್ರೆ ಅಳಿಯ ಅಂತ ನಾನಿರಲಿಲ್ವಾ?" ಎಂದು ಕೇಳಿದೆ. ನಿಜಕ್ಕೂ ನೋವಾಗಿತ್ತು.

"ಕಳ್ಳನ ಕೈಗೇ ಬೀಗದ ಕೈ ಕೊಡ್ತಾರೇನೋ?" ಎಂದಳು ಅತ್ತೆ.

ಕಣ್ಣು ಎಷ್ಟು ಘೋರವೋ ದೃಷ್ಟಿ ತೆಗೆಯುವವರಿಗೆ ಅಷ್ಟು ದೊಡ್ಡ ಆಕಳಿಕೆ. ಅಸಿಮಿನಾ ಮೊದಲ ಸಲ ಮಂತ್ರ ಹೇಳುತ್ತಿದ್ದಂತೆ ಆಕಳಿಕೆ ಬಂತಂತೆ, ಮತ್ತೆ ಬಂತಂತೆ, ಮೂರನೆಯದಕ್ಕೆ ದವಡೆಯೇ ಕಳಚಿತಂತೆ. ಅರವತ್ತು ವರ್ಷದಲ್ಲಿ ಇಂಥ ಕಣ್ಣು ಕಂಡಿಲ್ಲ ಎಂದು ಅತ್ತೆ ಪ್ರಮಾಣ ಮಾಡಿದಳು. ಸುಳ್ಳು ಹೇಳಲಾರೆ, ನನಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯಾಯಿತು. ಡಾಕ್ಟರ ಕಾಲಿಗೆ ಬೀಳುವುದೊಂದು ಬಾಕಿ, ಕ್ಷಮೆ ಕೇಳಿದೆ.

"ಇರಲಿ ಬಿಡಿ ಪಾಂಡೆಲಿ," ಎಂದು ಆ ಮಹಾನುಭಾವರು ನಕ್ಕರು. "ಅಥೆನ್ಸಿನಲ್ಲಿ ನನ್ನನ್ನು ಕಂಡು ಹೊಟ್ಟೆಕಿಚ್ಚು ಪಡೋರು ಯಾರೂ ಇಲ್ಲ. ಎಲ್ಲರೂ ಹೆದರ್ತಾರೆ."

ಹಬ್ಬದ ದಿನ ಪ್ರಾರ್ಥನೆ ಮುಗಿಯಿತು, ಊಟ ಮುಗಿಯಿತು, ಕಾಫಿ ಅಂಗಡಿಯ ಮುಂದೆ ಪಿಟೀಲು ಶುರುವಾಯಿತು. ಹೆಂಡತಿಯ ಕಣ್ಣಿನಲ್ಲಿ ಕಳೆದುಹೋದ ಮಾನವನ್ನು ಮರಳಿ ಪಡೆಯಲು ನನಗಿದ್ದ ದಾರಿ ಒಂದೇ. ಕುಣಿತದ ಸಾಲಿಗೆ ಮುಂದಾಳಾಗಿ ನಿಂತೆ. ಕಸೂತಿಯ ಬಿಳಿ ಅಂಗಿ, ಮೇಲೆ ಕಪ್ಪು ಕೋಟು, ಎರಡನ್ನೂ ಒಟ್ಟಿಗೆ ತೊಡಿಸಿದ್ದು ಅಸಿಮಿನಾ. ಎರಡು ಸುತ್ತು ಕುಣಿದೆ, ಮೂರನೆಯ ಸುತ್ತಿನಲ್ಲಿ ಸೆಖೆ ತಡೆಯದೆ, ನೋಡಿರೋ ಗಂಡಸನ್ನು ಎಂಬಂತೆ ಕೋಟನ್ನು ಕಿತ್ತು ಗಾಳಿಗೆ ಎಸೆದೆ.

ಪಿಟೀಲು ನಿಂತಿತು. ಆಮೇಲೆ ಊರಿಗೆ ಊರೇ ನಗತೊಡಗಿತು. ಬೆನ್ನಿಗೆ ತಂಪು ಗಾಳಿ ಬಡಿಯುತ್ತಿತ್ತು. ಕೈ ಹಿಂದಕ್ಕಿಟ್ಟು ನೋಡಿದರೆ ಅಂಗಿಗೆ ಬೆನ್ನೇ ಇಲ್ಲ, ಕಿಟಕಿಯಷ್ಟು ಅಗಲಕ್ಕೆ ಕತ್ತರಿಸಿ ತೆಗೆದಿದೆ!

"ಬನಿಯನ್ನೆಲ್ಲ ಮುಗಿದ್ವು, ಕಣ್ಣು ಹಾಕಿದವನ ಬಟ್ಟೆ ಸುಟ್ಟು ಹೊಗೆ ಹಿಡೀದೇ ಇದ್ರೆ ತಲೆನೋವು ಇಳಿಯಲ್ಲ," ಎಂದಳು ಅಸಿಮಿನಾ, ಏಪ್ರನ್ನಿನಲ್ಲಿ ನಗು ಮುಚ್ಚಿಕೊಳ್ಳುತ್ತ. "ಕೋಟಿನ ಒಳಗೆ ಯಾರಿಗೆ ಕಾಣುತ್ತೆ ಅಂದ್ಕೊಂಡೆ."

ನನ್ನ ಮಾನ ಕಾಪಾಡಿದ್ದು ಡಾಕ್ಟರೇ. ತಮ್ಮ ಬಿಳಿ ಕೋಟು ಕಳಚಿ ನನ್ನ ಹೆಗಲಿಗೆ ಹಾಕಿದರು. ಅಳತೆಗೆ ಹೊಲಿಸಿದ ಹಾಗಿತ್ತು. ಮುಖ ತೊಳೆಯಲು ಕಾಫಿ ಅಂಗಡಿಯ ಒಳಗೆ ಹೋದವನು ಗೋಡೆಯ ಕನ್ನಡಿ ನೋಡಿದೆ. ಆಹಾ! ಎಂಥ ಭುಜ, ಎಂಥ ನಿಲುವು, ಎಂಥ ಗಂಡಸು! ಥ್ರಾಸೋ ಬಂದು ಎಚ್ಚರಿಸುವವರೆಗೂ ಅಲ್ಲೇ ನಿಂತಿದ್ದೆ.

ಮಾರನೆಯ ಬೆಳಿಗ್ಗೆ ತಲೆ ಸಿಡಿದು ಹೋಗುತ್ತಿತ್ತು.

"ಕಣ್ಣು ತಾಗಿದೆ," ಎಂದು ನರಳಿದೆ. "ಕೋಟು ನನಗೆ ಒಪ್ಪಿದ್ದು ನೋಡಿ ಡಾಕ್ಟ್ರಿಗೆ ತಡೀಲಿಲ್ಲ. ಅಸಿಮಿನಾ, ಎಣ್ಣೆ ಹಾಕಿ ನೋಡು. ಮೊದಲು ಅವರ ಕೋಟಿನ ಚೂರು ಕತ್ತರಿಸು!"

ಅವಳು ತಟ್ಟೆಗೆ ನೀರು ಹಾಕಿ, ಡಾಕ್ಟರ ಹೆಸರು ಹಿಡಿದು ಎಣ್ಣೆಯ ಹನಿ ಬಿಟ್ಟಳು. ಹನಿ ಗುಂಡಗೆ ತೇಲಿತು. ಹಾಕಿದವರ ಹೆಸರಿಗೆ ಹನಿ ಚೆದುರಬೇಕು. ಥ್ರಾಸೋನ ಹೆಸರಿಗೂ ಚೆದುರಲಿಲ್ಲ, ಪಿಟೀಲಿನವನ ಹೆಸರಿಗೂ ಇಲ್ಲ.

"ಅವನ ಹೆಸರನ್ನೇ ಹೇಳಿ ನೋಡೇ," ಎಂದಳು ಅತ್ತೆ.

"ಪಾಂಡೆಲಿ," ಎಂದಳು ಅಸಿಮಿನಾ. ಹನಿ ಚೂರುಚೂರಾಗಿ ತಟ್ಟೆಯ ತುಂಬ ಹರಡಿತು. "ಅಯ್ಯೋ ನಿನ್ನ! ಕನ್ನಡಿ ನೋಡ್ಕೊಂಡು ನಿನಗೆ ನೀನೇ ಕಣ್ಣು ಹಾಕ್ಕೊಂಡಿದೀಯಲ್ಲೋ!"

ನಾನು ತಲೆ ತಗ್ಗಿಸಿದೆ. ಅವಳು ಮಂತ್ರ ಪಿಸುಗುಟ್ಟಿದಳು. ನಾನು ಅವಳ ಬಾಯನ್ನೇ ನೋಡುತ್ತ ಕೂತೆ. ಒಂದು ಆಕಳಿಕೆ ಬಂತು, ಸಣ್ಣದು. ಅಷ್ಟೇ. ಮಂತ್ರ ಮುಗಿಯಿತು.

"ಇದೇನೇ ಇದು!" ನನಗೆ ಮತ್ತೆ ಹೊಟ್ಟೆ ಉರಿಯಿತು. "ಆ ಡಾಕ್ಟ್ರಿಗಾದ್ರೆ ದವಡೆ ಕಳಚೋ ಅಷ್ಟು ಆಕಳಿಸ್ತೀಯ, ಕಟ್ಕೊಂಡ ಗಂಡನಿಗೆ ಒಂದೇ ಒಂದಾ?"

"ನಾನೇನು ಮಾಡ್ಲಿ? ಕಣ್ಣು ಅದೇ, ಪಾಂಡೆಲಿ. ನಿನ್ನಲ್ಲಿ ಹೊಟ್ಟೆಕಿಚ್ಚು ಪಡೋಕೆ ಇರೋದೇ ಅಷ್ಟು," ಎಂದಳು ಅಸಿಮಿನಾ. ಆಮೇಲೆ ಕತ್ತರಿ ಕೈಗೆತ್ತಿಕೊಂಡು, "ಹಾಕಿದವನ ಬಟ್ಟೆ ಬೇಕು. ಉಳಿದಿರೋ ಆ ಒಂದು ಅಂಗಿ ಬಿಚ್ಚು," ಎಂದಳು.